ಹದಿನಾರನೆಯ ಕೊಂಡಿ

ಗ್ರೇಬರ್ಸ್ ರನ್, ಪೆನ್ಸಿಲ್ವೇನಿಯಾ
ಮಾರ್ಚ್ ೧೧, ೨೦೧೪, ಮಂಗಳವಾರ

ಪ್ರೀತಿಯ ಲೋಡಿ,

ಹೇಗಿದ್ದೀಯ ಮಗಳೇ? ಚಳಿಗೆ ಆ ಎಡ ಭುಜದ ಮೂಳೆ ಈಗಲೂ ನೋಯುತ್ತದೆಯಾ? ನೋಯುತ್ತದೆ ಅಂತಲೇ ನನ್ನ ಲೆಕ್ಕ. ನಾನು ಇಪ್ಪತ್ತೆರಡನೇ ವಯಸ್ಸಿನಲ್ಲಿ ಮುರಿದುಕೊಂಡ ಮೊಣಕೈ ಐವತ್ತಾರು ವರ್ಷವಾದರೂ ಹಿಮ ಬೀಳುವ ಹಿಂದಿನ ದಿನ ತಪ್ಪದೆ ಸುದ್ದಿ ಕೊಡುತ್ತದೆ. ಬಿಸಿನೀರಿನ ಚೀಲ ಇಟ್ಟುಕೋ, ಅಸಡ್ಡೆ ಮಾಡಬೇಡ. ಕ್ರಿಸ್‌ಮಸ್‌ಗೆ ನೀನು ಕಳಿಸಿದ ಕಾರ್ಡಿನಲ್ಲಿ ಎರಡೇ ಸಾಲು ಇತ್ತು, ಎರಡನ್ನೂ ನಾನು ಬಾಯಿಪಾಠ ಮಾಡಿದ್ದೇನೆ: “ಇಲ್ಲಿ ಎಲ್ಲಾ ಸಮತಟ್ಟು. ನಾನು ಚೆನ್ನಾಗಿದೀನಿ.” ನೆಬ್ರಾಸ್ಕಾದಲ್ಲಿ ನಾಲ್ಕು ದಿಕ್ಕಿಗೆ ಕತ್ತು ತಿರುಗಿಸಿದರೂ ಒಂದು ದಿಬ್ಬ ಕಾಣದ ಊರನ್ನೇ ಹುಡುಕಿಕೊಂಡು ಹೋಗಿ, ಧಾನ್ಯದ ಗೋದಾಮಿನ ಬೆಲ್ಟು ಚೈನುಗಳಿಗೆ ಎಣ್ಣೆ ಬಿಡುತ್ತಾ ಕೂತಿದ್ದೀಯ. ಫೋನ್ ಮಾಡಿದರೆ ಎತ್ತುವುದಿಲ್ಲ. ಎತ್ತದಿದ್ದರೆ ಬೇಡ, ಕಾಗದವನ್ನಾದರೂ ಒಡೆದು ನೋಡುತ್ತೀಯ ಅಂದುಕೊಂಡು ಬರೆಯುತ್ತಿದ್ದೇನೆ. ಅಕ್ಷರ ಕೋಳಿ ಕೆದರಿದ ಹಾಗಿದೆ ಅಂತ ನಗಬೇಡ. ನನ್ನ ಕೈ ನಡುಗುವುದು ನಿನಗೆ ಹೊಸದಲ್ಲ, ಈಗ ಇನ್ನಷ್ಟು ಜಾಸ್ತಿಯಾಗಿದೆ, ಅಷ್ಟೇ.

ಇಲ್ಲಿ ಹಿಮ ಕರಗುತ್ತಿದೆ. ಕಲ್ಲಿದ್ದಲು ಗಣಿಯ ಕಸದ ಗುಡ್ಡ ಮತ್ತೆ ಕಪ್ಪಗೆ ಕಾಣತೊಡಗಿದೆ, ಮೊದಲು ತಲೆ, ಆಮೇಲೆ ಹೆಗಲು. ಬೆಳಿಗ್ಗೆ ಕಾಫಿ ಹಿಡಿದು ಅಡುಗೆಮನೆ ಕಿಟಕಿಯಲ್ಲಿ ನಿಂತರೆ ಅದು ನೇರ ನನ್ನ ಮುಖಕ್ಕೇ ಬರುತ್ತದೆ. ನಿನ್ನ ಅಜ್ಜಿ ಐರೀನ್ ಇದ್ದಾಗ ಆ ಕಿಟಕಿಗೆ ಪರದೆ ಬೇಡ, ಗುಡ್ಡ ನೋಡಬೇಕು ಎಂದು ಹಟ ಹಿಡಿದವನು ನಾನೇ. ಕಳೆದ ಚಳಿಗಾಲದಲ್ಲಿ ಒಂದು ಹಳೇ ಚಾದರ ಹೊಡೆದು ಮುಚ್ಚಿದೆ, ಆದರೂ ಅಂಚಿನ ಸಂದಿಯಿಂದ ಅದು ಇಣುಕುತ್ತದೆ. ಈಸ್ಟರ್‌ಗೆ ಮುಂಚಿನ ಉಪವಾಸದ ನಲವತ್ತು ದಿನ ಶುರುವಾಗಿದೆ. ಶುಕ್ರವಾರ ಚರ್ಚಿನ ನೆಲಮಾಳಿಗೆಯಲ್ಲಿ ಹೆಂಗಸರು ಆಲೂಗಡ್ಡೆ ತುಂಬಿದ ಪಿರೋಗಿ ಕಡುಬು ಮಾಡಿದರು. ನಿನ್ನ ಚಿಕ್ಕಮ್ಮ ಜೋನೆಲ್ ಕೂಡ ಬಂದಿದ್ದಳು, ಮೂಲೆಯಲ್ಲಿ ಕೂತು ಹಿಟ್ಟಿನ ಅಂಚು ಒತ್ತುತ್ತಿದ್ದಳು. ನನಗೆಂದು ಒಂದು ಡಜನ್ ಕಟ್ಟಿಕೊಟ್ಟಳು. ನಿನ್ನ ಚಿಕ್ಕಪ್ಪ ಬರ್ನಿ ತೀರಿಹೋದಮೇಲೂ ಅವಳು ನನ್ನನ್ನು ಬಿಟ್ಟಿಲ್ಲ, ವಾರಕ್ಕೆರಡು ಸಲ ಬಂದು ಮಾವ ಊಟ ಮಾಡಿದ್ದಾನಾ ಎಂದು ಪಾತ್ರೆ ಮುಚ್ಚಳ ಎತ್ತಿ ನೋಡುತ್ತಾಳೆ. ಅವಳು ಹಾಗೆ ನೋಡುವಾಗ ನನಗೆ ಎಲ್ಲಿ ಕಣ್ಣಿಡಬೇಕೋ ತಿಳಿಯುವುದಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನಿನ್ನ ಹೇಸರಗತ್ತೆ ಮತ್ತೆ ಓಡುತ್ತದೆ. ಹೌದು ಕಣೇ, ಗುಡ್ಡ ಹತ್ತುವ ಪಂದ್ಯದ ಆ ಬೈಕೇ. ಹೋದ ಜುಲೈ ತಿಂಗಳಲ್ಲಿ ಜೋನೆಲ್ ಬಂದು, ಶೆಡ್ಡಿನ ಬಾಗಿಲಲ್ಲಿ ನಿಂತು, ಒಳಗೆ ಕಾಲಿಡದೆ ಹೇಳಿದಳು: “ಮಾವ, ಅದು ತುದಿಗೆ ಇನ್ನು ಹನ್ನೆರಡೇ ಅಡಿ ಇರೋವಾಗ ನಿಂತೋಯ್ತು. ಆ ಹನ್ನೆರಡು ಅಡಿ ದಿನಾ ನನ್ನ ಕಣ್ಣಲ್ಲಿ ಬರತ್ತೆ. ಒಂದೇ ಒಂದ್ಸಲ ಅದು ಗುಡ್ಡ ದಾಟೋದು ನೋಡ್ಬೇಕು. ಆಮೇಲೆ ಗುಜರಿಗೆ ಹಾಕಿ.” ಯಾರು ಓಡಿಸಬೇಕು ಎಂದು ಕೇಳಿದೆ. “ಯಾರಾದ್ರೂ ಓಡಿಸ್ಲಿ. ಅವಳು ಬೇಡ,” ಅಂದಳು. ಇದನ್ನು ನಿನ್ನಿಂದ ಮುಚ್ಚಿಟ್ಟು ಪ್ರಯೋಜನವಿಲ್ಲ. ಬರ್ನಿಯನ್ನು ಹೂಳಿದ ದಿನ ಅವಳು ಎಲ್ಲರೆದುರು ನಿನಗೆ ಅಂದದ್ದು ನನ್ನ ಕಿವಿಯಲ್ಲೂ ಇದೆ: “ನಿನ್ನ ವೆಲ್ಡಿಂಗು ನನ್ನ ಗಂಡನ್ನ ತಿಂತು.” ಮಾರನೆಯ ವಾರ ನಿನ್ನ ಕೋಣೆಯಲ್ಲಿ ಹಾಸಿಗೆ ಮಡಿಸಿಟ್ಟಿತ್ತು, ನೀನು ಇರಲಿಲ್ಲ.

ಬರ್ನಿ ಹೋದ ಆ ವರ್ಷದ ಮೇ ತಿಂಗಳು ನೆನಪಿದೆಯಾ? ಹೇಸರಗತ್ತೆಯ ಹಿಂದಿನ ಚಕ್ರ ಹಿಡಿಯುವ ಕಬ್ಬಿಣದ ತೋಳನ್ನು ನೀನೇ ಕತ್ತರಿಸಿ, ನಡುವೆ ಒಂದಡಿ ಸೇರಿಸಿ ಬೆಸೆದೆ. ಗುಡ್ಡ ಹತ್ತುವಾಗ ಗಾಡಿ ಹಿಂದಕ್ಕೆ ಮಗುಚಬಾರದು ಎಂದು ಎಲ್ಲರೂ ಮಾಡುವುದೇ, ಆದರೆ ಇಪ್ಪತ್ಮೂರು ವರ್ಷದ ಹುಡುಗಿ ಒಬ್ಬಳೇ ಮಾಡಿದ್ದು ಊರಿಗೆ ಸೋಜಿಗವಾಗಿತ್ತು. ಪಕ್ಕದ ಮನೆಯ ವಾಲ್ಟ್, ಬೈಕ್ ಕ್ಲಬ್ಬಿನ ತಪಾಸಣೆಯವನು, ಬಂದು ಮೂಗು ಮುರಿದ. ತೋಳು ಉದ್ದವಾದ್ದರಿಂದ ಚೈನೂ ಉದ್ದವಾಗಿ ನೂರ ಇಪ್ಪತ್ತೆಂಟು ಕೊಂಡಿಯಾಯಿತು. ಕೊನೆಗೆ ಹಿರಿಯರ ನಟ್ಟು ಬಿಗಿಯುವ ದಿನ ಬಂತು. ನಮ್ಮ ಮನೆಯಲ್ಲಿ ನನ್ನಪ್ಪನ ಕಾಲದಿಂದ ನಡೆದು ಬಂದದ್ದು: ಪಂದ್ಯದ ಋತು ಶುರುವಾಗುವ ಮುಂಚೆ ಕೊನೆಯ ಒಂದು ನಟ್ಟನ್ನು ಮನೆಗೆ ಹಿರಿಯನಾದವನೇ ಬಿಗಿಯಬೇಕು, ಬಿಗಿಯುವಾಗ ಉಳಿದವರೆಲ್ಲ ಬೆನ್ನು ತಿರುಗಿಸಿ ನಿಲ್ಲಬೇಕು, ಆಮೇಲೆ ಅದರ ಮೇಲೆ ಕೆಂಪು ಬಣ್ಣದ ಗೆರೆ ಎಳೆಯಬೇಕು, ಋತು ಮುಗಿಯುವವರೆಗೆ ಅದನ್ನು ಯಾರೂ ಮುಟ್ಟಬಾರದು. ನಾನು ಮುಂದಿನ ಸ್ಪ್ರಾಕೆಟ್ಟಿನ ನಟ್ಟನ್ನು ಆರಿಸಿಕೊಂಡೆ, ಎಂಜಿನ್ ಪಕ್ಕದಲ್ಲಿ ಚೈನನ್ನು ಎಳೆಯುವ ಆ ಪುಟ್ಟ ಹಲ್ಲಿನ ಚಕ್ರದ ನಟ್ಟು. ನೀನೂ ಬರ್ನಿಯೂ ಗೋಡೆಗೆ ಮುಖ ಮಾಡಿ ನಿಂತಿರಿ. ನಡುವೆ ಟಕ್ ಎಂದು ಸದ್ದಾಯಿತು. “ಅಪ್ಪ, ಅದು ಗಾಡಿನಾ, ನಿನ್ನ ಮೂಳೆನಾ?” ಎಂದು ಬರ್ನಿ ಗೋಡೆ ನೋಡುತ್ತಲೇ ಕೇಳಿದ. ನೀನು ಬಿದ್ದು ಬಿದ್ದು ನಕ್ಕೆ. ನಾನು ಅಜ್ಜಿಯ ಉಗುರು ಬಣ್ಣದ ಸೀಸೆ ತೆಗೆದು ಗೆರೆ ಎಳೆದು, ಸ್ಪ್ರಾಕೆಟ್ಟಿನ ಮೇಲಿನ ಮುಚ್ಚಳ ಹಾಕಿಬಿಟ್ಟೆ. ಐರೀನಳ ಸಾಮಾನುಗಳಲ್ಲಿ ನಾನು ಯಾರಿಗೂ ಕೊಡದೆ ಉಳಿಸಿಕೊಂಡದ್ದು ಅದೊಂದೇ ಸೀಸೆ.

ಜೂನ್‌ನಲ್ಲೇ ನೀನು ಗೊಣಗಲು ಶುರು ಮಾಡಿದೆ. “ಅಜ್ಜ, ಏನೋ ನನ್ನ ಚೈನ್ ತಿಂತಾ ಇದೆ.” ಒಂದು ಋತು ಬಾಳಬೇಕಾದ ಚೈನು ಮೂರು ವಾರಕ್ಕೆ ಜೋತು ಬಿತ್ತು. ನೀನು ಹೊಸದು ಹಾಕಿದೆ, ಅದೂ ಹಾಗೇ ಆಯಿತು. ಹಿಂದಿನ ಸ್ಪ್ರಾಕೆಟ್ ಬದಲಾಯಿಸಿದೆ, ದಾರ ಹಿಡಿದು ಎರಡು ಚಕ್ರವೂ ಒಂದೇ ಗೆರೆಯಲ್ಲಿವೆಯಾ ಎಂದು ಹತ್ತು ಸಲ ನೋಡಿದೆ. ನಾನು ಕುರ್ಚಿಯಲ್ಲಿ ಕೂತುಕೊಂಡೇ ತೀರ್ಪು ಕೊಟ್ಟೆ, ನಿನ್ನ ತೋಳು ಸೊಟ್ಟಗಿದೆ, ಬೆಸುಗೆ ಎಳೆದಿದೆ ಎಂದು. “ನೇರ ಇದೆ ಅಜ್ಜ, ನೀನೇ ಬಂದು ನೋಡು.” ನಾನು ಏಳಲಿಲ್ಲ. ಆಗಸ್ಟ್ ತಿಂಗಳಲ್ಲಿ ಒಂದು ದಿನ ಊಟ ಮಾಡುತ್ತಾ ನೀನು ಮೆಲ್ಲಗೆ ಕೇಳಿದೆ, “ಅಜ್ಜ, ನಿನ್ನ ನಟ್ಟು ಒಂದ್ಸಲ ಬಿಚ್ಲಾ? ಅದೊಂದೇ ನಾನು ನೋಡಿಲ್ಲ.” ಋತು ಮುಗಿಯುವ ಮುಂಚೆ ಹಿರಿಯರ ನಟ್ಟು ಬಿಚ್ಚುವವರು ನಮ್ಮ ವಂಶದಲ್ಲಿ ಇಲ್ಲ ಎಂದು ನಾನು ತಟ್ಟೆ ಸರಿಸಿ ಎದ್ದುಹೋದೆ. ನೀನು ಬಿಚ್ಚಲಿಲ್ಲ. ನೀನು ನನ್ನ ಮಾತು ಕೇಳಿದ ಸಲಗಳು ಕಡಿಮೆ, ಲೋಡಿ. ಅದೊಂದು ಸಲ ಕೇಳಬಾರದಿತ್ತು.

ಸೆಪ್ಟೆಂಬರ್‌ನ ಆ ಭಾನುವಾರದ ಬಗ್ಗೆ ಬರೆಯಲು ಮನಸ್ಸಿಲ್ಲ, ಆದರೂ ಕಣ್ಣು ತೆರೆದಾಗೆಲ್ಲ ಅದೇ ನಡೆಯುತ್ತದೆ. ಬರ್ನಿ ಎಂದಿನಂತೆ ಗುಡ್ಡದ ಮೇಲಿನ ಅಂಚಿನಲ್ಲಿ ಹಗ್ಗ, ಕೊಕ್ಕೆ ಹಿಡಿದು ನಿಂತಿದ್ದ. ಮಗುಚಿ ಬೀಳುವ ಗಾಡಿ ಹಿಡಿಯುವುದರಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ. ನೀನು ಕಪ್ಪು ಧೂಳೆಬ್ಬಿಸಿಕೊಂಡು ನೇರ ಹತ್ತಿದೆ, ಅಂಥ ಚೆಂದದ ಏರನ್ನು ನಾನು ನೋಡಿರಲಿಲ್ಲ, ಕುರ್ಚಿಯಿಂದ ಎದ್ದು ನಿಂತಿದ್ದೆ. ಚೈನು ಹರಿದದ್ದು ಕೆಳಗಿನವರೆಗೂ ಕೇಳಿಸಿತು. ನೀನು ಪಕ್ಕಕ್ಕೆ ಉರುಳಿದೆ, ಗಾಡಿ ಹಿಂದಕ್ಕೆ ಬಂತು. ಬರ್ನಿ ಓಡಬಹುದಿತ್ತು. ಅವನು ಗಾಡಿಗೂ ನಿನಗೂ ನಡುವೆ ಬಂದು ಕೊಕ್ಕೆ ಎಸೆದ. ಆಮೇಲಿನದು ನಿನಗೆ ಗೊತ್ತಿದೆ. ಗಾಡಿಯನ್ನು ಕೆಳಗೆ ಎಳೆದು ತಂದಾಗ ತೋಳು ಬಾಗಿತ್ತು. ಅಷ್ಟೆತ್ತರದಿಂದ ಉರುಳಿದರೆ ಯಾವ ತೋಳಾದರೂ ಬಾಗುತ್ತದೆ. ವಾಲ್ಟ್ ಬೆಸುಗೆಯ ಮೇಲೆ ಬೆರಳಾಡಿಸಿ, “ನಾ ಅವತ್ತೇ ಅಂದಿದ್ದೆ, ತೋಳು ಸೊಟ್ಟ, ಅದಕ್ಕೇ ಚೈನ್ ಸವೀತು,” ಅಂದ. ಮತ್ತೆ ನನ್ನ ಕಡೆ ತಿರುಗಿ, “ಅಲ್ವಾ ಕ್ಯಾಸ್?” ಎಂದು ಕೇಳಿದ. ನಾನು ತಲೆಯಾಡಿಸಿದೆ. ನೀನು ಸ್ಟ್ರೆಚರ್ ಮೇಲೆ ಮಲಗಿ ನನ್ನನ್ನೇ ನೋಡುತ್ತಿದ್ದೆ.

ಸರಿ, ಜೋನೆಲ್ ಹೇಳಿದ ಮೇಲೆ ಆಗಸ್ಟ್‌ನಲ್ಲಿ ಕೆಲಸ ಹಿಡಿದೆ. ಬಾಗಿದ ತೋಳನ್ನು ತೆಗೆದು ಎಸೆದು, ಪೇಟೆಯ ಒಬ್ಬ ಒಳ್ಳೇ ಕಸುಬುದಾರನಿಂದ ಅಚ್ಚಿನಲ್ಲಿ ಕೂರಿಸಿ ಬೆಸೆದ ಹೊಸ ತೋಳು ತರಿಸಿದೆ. ಕೂದಲೆಳೆಯಷ್ಟೂ ಸೊಟ್ಟವಿಲ್ಲ, ವಾಲ್ಟನೇ ಮೂರು ಸಲ ಅಳೆದ. ಹೊಸ ಚೈನು, ಹೊಸ ಹಿಂದಿನ ಸ್ಪ್ರಾಕೆಟ್. ಕ್ಲಬ್ಬಿನ ಜಾಗದಲ್ಲಿರುವ ಹಳೇ ಕಲ್ಲಿದ್ದಲ ಲಾರಿ ದಾರಿಯಲ್ಲಿ ವಾಲ್ಟ್ ದಿನಾ ಸಂಜೆ ಓಡಿಸಿದ. ಹತ್ತೇ ದಿನಕ್ಕೆ ಚೈನು ಮುಗಿಯಿತು. ಬಿಚ್ಚಿ ಅಡ್ಡಲಾಗಿ ಹಿಡಿದರೆ, ಕೋಲಿನಂತೆ ನಿಲ್ಲಬೇಕಾದದ್ದು ನೆನೆದ ಹಗ್ಗದಂತೆ ಎರಡೂ ಕಡೆ ಬಾಗಿತು. ವಾಲ್ಟ್ ಟೋಪಿ ತೆಗೆದು ತಲೆ ಕೆರೆದುಕೊಂಡ. ಇನ್ನೊಂದು ಚೈನು ಹಾಕಿದೆವು, ಅದಕ್ಕೂ ಅದೇ ಗತಿಯಾಯಿತು. “ಇದ್ರಲ್ಲಿ ಏನೋ ಇದೆ ಕ್ಯಾಸ್. ನಾ ಇನ್ನು ಇದರ ಮೇಲೆ ಕೂರಲ್ಲ,” ಎಂದು ಅವನು ಕೈಗವಸು ಕಳಚಿ ಮನೆಗೆ ಹೋದ. ಮಾರನೆಯ ದಿನ ನಾನು ಗಾಡಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಕೈಯಿಂದಲೇ ಹಿಂದಿನ ಚಕ್ರ ತಿರುಗಿಸುತ್ತಾ ಕೂತೆ.

ಆಗ ಕೇಳಿಸಿತು. ಟಕ್. ಸ್ವಲ್ಪ ಹೊತ್ತು ಸುಮ್ಮನೆ. ಮತ್ತೆ ಟಕ್. ಬರ್ನಿ ಕಾಫಿಗೆ ಬಂದಾಗ ಬಾಗಿಲು ಬಡಿಯದೆ ಕೊಕ್ಕೆಯಿಂದ ಚೌಕಟ್ಟಿಗೆ ಹೀಗೇ ಬಡಿಯುತ್ತಿದ್ದನಲ್ಲ, ಒಮ್ಮೆ ಬಡಿದು, ತಡೆದು, ಇನ್ನೊಮ್ಮೆ. ಬಾಗಿಲ ಕಡೆ ತಿರುಗಿ ನೋಡಿದೆ ಎಂದು ಹೇಳಲು ನಾಚಿಕೆಯಿಲ್ಲ. ನಡು ಮಧ್ಯಾಹ್ನ, ಬಿಸಿಲಿತ್ತು, ಯಾರೂ ಇರಲಿಲ್ಲ. ಅವನ ಹಗ್ಗ ಮೊಳೆಗೆ ತೂಗುಹಾಕಿದ ಹಾಗೇ ಇತ್ತು. ಅಂದಿನಿಂದ ಆ ಸದ್ದು ಶೆಡ್ಡಿನಲ್ಲಿ ಮಾತ್ರ ಉಳಿಯಲಿಲ್ಲ. ಚರ್ಚಿನಲ್ಲಿ ಮುದುಕಿಯರು ಜಪಮಣಿ ಎಣಿಸುವಾಗ, ಜೋನೆಲ್ ಮುಚ್ಚಳ ಎತ್ತಿ ಇಡುವಾಗ, ಮಾಡಿನಿಂದ ಹಿಮದ ನೀರು ತೊಟ್ಟಿಕ್ಕುವಾಗ, ನನ್ನ ಕಿವಿಗೆ ಬೀಳುವುದು ಅದೊಂದೇ. ಬರ್ನಿ ನನಗೆ ಕನಸಿನಲ್ಲಿ ಬರುವುದಿಲ್ಲ ಲೋಡಿ, ಬಂದಿದ್ದರೆ ವಾಸಿಯಿತ್ತು. ಅವನು ಹಗಲಿನಲ್ಲಿ ಬರುತ್ತಾನೆ, ಬಾಗಿಲಾಚೆ ನಿಂತು ಕಾಯುತ್ತಾನೆ, ಒಳಗೆ ಬರುವುದಿಲ್ಲ.

ಈ ಚಳಿಗಾಲವೆಲ್ಲ ಹಾಳಾದ ಆ ಎರಡು ಚೈನುಗಳನ್ನು ಅಡುಗೆಮನೆಯ ಮೇಜಿನ ಮೇಲೆ ಹಾಸಿಕೊಂಡು ಕೂತಿದ್ದೆ. ಸೀಮೆಎಣ್ಣೆಯಲ್ಲಿ ತೊಳೆದು, ಕನ್ನಡಕದ ಮೇಲೆ ಇನ್ನೊಂದು ಭೂತಗನ್ನಡಿ ಹಿಡಿದು, ಒಂದೊಂದೇ ಕೊಂಡಿ ನೋಡಿದೆ. ತೋಳು ಸೊಟ್ಟಗಿದ್ದರೆ ಕೊಂಡಿಗಳೆಲ್ಲ ಒಂದೇ ಮಗ್ಗುಲಲ್ಲಿ, ಒಂದೇ ಸಮ ಸವೆಯಬೇಕು. ಇಲ್ಲಿ ಹಾಗಿಲ್ಲ. ಒಂದು ಕೊಂಡಿಯ ಉರುಳೆ ಸೀಳಿದೆ, ಆಮೇಲಿನ ಹದಿನೈದು ಪರವಾಗಿಲ್ಲ, ಹದಿನಾರನೆಯದು ಮತ್ತೆ ಸೀಳಿದೆ. ಹೀಗೆ ಚೈನಿನುದ್ದಕ್ಕೂ ಎಂಟು ಕಡೆ. ಇನ್ನೊಂದು ಚೈನಿನಲ್ಲೂ ಎಂಟೇ. ಮುಂದಿನ ಸ್ಪ್ರಾಕೆಟ್ಟಿಗೆ ಹದಿನಾರು ಹಲ್ಲು. ಹದಿನಾರೆಂಟಲೆ ನೂರ ಇಪ್ಪತ್ತೆಂಟು. ನೀನು ಚೈನು ಉದ್ದ ಮಾಡಿದಾಗ ಲೆಕ್ಕ ಹಾಗೆ ಕೂತುಬಿಟ್ಟಿತ್ತು, ಒಂದು ಹಲ್ಲಿಗೆ ಸುತ್ತು ಸುತ್ತಿಗೂ ಅದೇ ಎಂಟು ಕೊಂಡಿಗಳೇ ಎದುರಾಗಬೇಕು, ಬೇರೆ ಯಾವುದೂ ಅದರ ಪಾಲಿಗೆ ಬರುವುದಿಲ್ಲ. ಒಂದು ಕೊಂಡಿ ಹೆಚ್ಚುಕಡಿಮೆ ಇದ್ದಿದ್ದರೂ ಏಟು ಎಲ್ಲಕ್ಕೂ ಹಂಚಿಹೋಗುತ್ತಿತ್ತು. ಮುಚ್ಚಳ ಬಿಚ್ಚಿದೆ. ಕೆಂಪು ಗೆರೆ ಹಾಗೇ ಇತ್ತು, ಚೂರೂ ಮಾಸಿರಲಿಲ್ಲ. ನಟ್ಟು ಬಿಚ್ಚಿ ಸ್ಪ್ರಾಕೆಟ್ ಹೊರಗೆ ತೆಗೆದೆ. ಒಂದು ಹಲ್ಲಿನ ಅಂಚು ಮುರಿದು, ಪಕ್ಕಕ್ಕೆ ಮಡಿಸಿಕೊಂಡಿದೆ. ಚೈನುಗಳನ್ನು ತಿನ್ನುತ್ತಿದ್ದದ್ದು ಅದು.

ಹೇಗೆ ಮುರಿಯಿತೋ ಯಾರಿಗೆ ಗೊತ್ತು. ಓಡುವಾಗ ಮುಚ್ಚಳದ ಸಂದಿಯಿಂದ ಒಂದು ಕಲ್ಲು ನುಗ್ಗಿರಬಹುದು. ಕಸದ ಗುಡ್ಡದ ಕಲ್ಲು ಎಂಥದ್ದೆಂದು ನಿನಗೇ ಗೊತ್ತಲ್ಲ. ಯಾರದೂ ತಪ್ಪಲ್ಲ ಎಂದು ಇಟ್ಟುಕೊಳ್ಳೋಣ. ನಿನ್ನದಂತೂ ಅಲ್ಲ, ಅದನ್ನು ತಿಳಿಸಬೇಕೆಂದೇ ಇಷ್ಟು ಬರೆದೆ. ಮೇ ತಿಂಗಳ ಎರಡನೇ ಭಾನುವಾರ ಗುಡ್ಡ ಹತ್ತುವ ಋತು ಶುರು. ಹದಿನೈದು ಹಲ್ಲಿನ ಹೊಸ ಸ್ಪ್ರಾಕೆಟ್ ತಂದಿಟ್ಟಿದ್ದೇನೆ, ಇನ್ನು ಯಾವ ಹಲ್ಲೂ ಒಂದೇ ಕೊಂಡಿಯ ಬೆನ್ನು ಹತ್ತುವುದಿಲ್ಲ. ನಿನಗೆ ಬರಬೇಕೆನಿಸಿದರೆ ನಿನ್ನ ಕೋಣೆ ಗುಡಿಸಿಟ್ಟಿದ್ದೇನೆ. ಬೆಚ್ಚಗಿರು, ಹೊತ್ತಿಗೆ ಸರಿಯಾಗಿ ಉಣ್ಣು, ಆ ಎತ್ತರದ ಏಣಿಗಳ ಮೇಲೆ ಹೋಗುವಾಗ ಸೊಂಟಕ್ಕೆ ಪಟ್ಟಿ ಕಟ್ಟಿಕೋ. ನಿನ್ನ ಅಜ್ಜಿ ಮೇಲಿನಿಂದ ನಿನ್ನ ಮೇಲೊಂದು ಕಣ್ಣಿಟ್ಟಿರಲಿ. ನನ್ನ ಪಾಲಿನ ದಿನಗಳೂ ನಿನಗೇ ಸೇರಲಿ.

ಇಂತು ನಿನ್ನ ಅಜ್ಜ,
ಕ್ಯಾಸಿಮಿರ್ ಡೊಮ್ರಾವ್ಸ್ಕಿ

ತಾ.ಕ.: ಅಂಚೆ ಗಾಡಿ ನಾಲ್ಕಕ್ಕೆ ಬರುತ್ತದೆ, ಈಗ ಮೂರೂವರೆ. ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಮೇಲೆ ಕಲ್ಲು ಎಂದು ಬರೆದದ್ದು ಸುಳ್ಳು. ಆ ದಿನ ನೀವಿಬ್ಬರೂ ಬೆನ್ನು ತಿರುಗಿಸಿ ನಿಂತಾಗ ನನ್ನ ಕೈಯಲ್ಲಿ ನಟ್ಟು ಬಿಗಿಯುವಷ್ಟು ಬಲ ಇರಲಿಲ್ಲ, ಸ್ಪ್ರಾಕೆಟ್ ಜಾರಿ ತಿರುಗುತ್ತಿತ್ತು. ಬ್ರೇಕ್ ಹಿಡಿ ಎಂದು ನಿನ್ನನ್ನು ಕರೆಯಲು ನಾಚಿಕೆಯಾಯಿತು. ಹಲ್ಲಿನ ನಡುವೆ ಉಕ್ಕಿನ ಚಾಣ ತುರುಕಿ, ಮೈಭಾರ ಬಿಟ್ಟು ಎಳೆದೆ. ಬರ್ನಿ ನಗಾಡಿದ ಆ ಟಕ್ ಅದೇ. ಮುರಿದ ಹಲ್ಲನ್ನು ಕಣ್ಣಾರೆ ಕಂಡು, ಮುಚ್ಚಳ ಹಾಕಿದೆ. ನೀನು ನಟ್ಟು ಬಿಚ್ಚಲಾ ಎಂದು ಕೇಳಿದಾಗಲೂ ಗೊತ್ತಿತ್ತು, ವಾಲ್ಟ್ ಕೇಳಿ ನಾನು ತಲೆಯಾಡಿಸಿದಾಗಲೂ ಗೊತ್ತಿತ್ತು. ಈಗ ಹೊಸ ತೋಳು ಹಾಕಿದಾಗ ಮುಂದಿನ ಹಳೇ ಸ್ಪ್ರಾಕೆಟ್ಟನ್ನು ಬೇಕೆಂದೇ ಹಾಗೇ ಬಿಟ್ಟೆ. ಚೈನು ಸವೆಯದೆ ಉಳಿದರೆ ನಾನಲ್ಲ ಎಂದಾಗುತ್ತಿತ್ತು. ಒಂದು ಚೈನು ಸಾಲದೆ ಎರಡನೆಯದನ್ನೂ ಕೇಳಿದೆ. ಎರಡೂ ಒಂದೇ ಮಾತು ಹೇಳಿದವು. ಪಾದ್ರಿಗೆ ಹೇಳಬಹುದಿತ್ತು, ಆದರೆ ಅವನು ಕ್ಷಮಿಸಿಬಿಡುತ್ತಾನೆ, ಅದು ಅವನು ಕೊಡುವಂಥದ್ದಲ್ಲ. ಎರಡು ಸಲ ಸ್ಪ್ರಾಕೆಟ್ ಜೇಬಿನಲ್ಲಿಟ್ಟುಕೊಂಡು ಸೇತುವೆಯವರೆಗೆ ಹೋಗಿ, ಹೊಳೆಗೆ ಎಸೆಯಲಾರದೆ ವಾಪಸು ಬಂದೆ. ಮೂರನೇ ಸಲ ಎಸೆದುಬಿಟ್ಟೇನು ಎಂದು ನಿನಗೆ ಕಳಿಸುತ್ತಿದ್ದೇನೆ, ಇದೇ ಪೊಟ್ಟಣದಲ್ಲಿದೆ, ಆ ಹಲ್ಲಿಗೆ ಅಜ್ಜಿಯ ಬಣ್ಣ ಹಚ್ಚಿದ್ದೇನೆ. ಜೋನೆಲ್ ಐದಕ್ಕೆ ಕೆಲಸದಿಂದ ಬರುತ್ತಾಳೆ. ಇದನ್ನು ಅಂಚೆಗೆ ಹಾಕಿ ನೇರ ಅವಳ ಮೆಟ್ಟಿಲ ಮೇಲೆ ಹೋಗಿ ಕೂರುತ್ತೇನೆ. ನಾನು ಹೇಳಿದೆನೋ ಇಲ್ಲವೋ ಎಂದು ಅವಳಿಗೇ ಫೋನ್ ಮಾಡಿ ಕೇಳು, ನನ್ನ ಮಾತು ನಂಬಬೇಡ. ಇನ್ನು ಮೇಲೆ ಕೊನೆಯ ನಟ್ಟು ನೀನೇ ಬಿಗಿ, ನಾನು ಬೆನ್ನು ತಿರುಗಿಸಿ ನಿಲ್ಲುತ್ತೇನೆ. ತೋಳು ನೇರವಾಗಿತ್ತು, ಲೋಡಿ. ನೀನು ಬೆಸೆದ ದಿನ ನೀನು ಮಲಗಿದ ಮೇಲೆ ನಾನೇ ದಾರ ಹಿಡಿದು ನೋಡಿದ್ದೆ, ನೇರವಾಗಿತ್ತು.